ಎಣ್ಣೆಯಿಲ್ಲ, ತೆಂಗಿನಕಾಯಿಯಿಲ್ಲ: ಮಂಗಳೂರಿನ ತೂಕ ಇಳಿಸುವ ಊಟದ ಡಬ್ಬಿಯೊಂದರ ವಿಮರ್ಶೆ

ಬಿಜೈ, ಕದ್ರಿ, ಉರ್ವ, ಕಂಕನಾಡಿ ಕಡೆಯ ಮನೆಗಳಿಗೆ ದಿನಕ್ಕೆ ಎರಡು ಹೊತ್ತಿನ ಊಟವನ್ನು ಸ್ಟೀಲ್ ಡಬ್ಬಿಯಲ್ಲಿ ತಲುಪಿಸಿ, ತಿಂಗಳೊಳಗೆ ತೂಕ ಇಳಿಸಿಕೊಡುವುದಾಗಿ ಹೇಳುವ ಅಡುಗೆಮನೆಯೊಂದರ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ನಮ್ಮ ಅತ್ತಿಗೆ ಅದರ ಒಂದು ತಿಂಗಳ ಪ್ಯಾಕೇಜಿಗೆ ಹಣ ಕಟ್ಟಿದ್ದರು. ಡಬ್ಬಿಯಲ್ಲಿ ಬಂದ ಬಹುತೇಕ ಪದಾರ್ಥಗಳನ್ನು ನಾನೂ ರುಚಿ ನೋಡಿದ್ದೇನೆ; ಜೊತೆಗೆ ಕೊಟ್ಟ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಇದೇ ಬಗೆಯ ಯೋಜನೆಗಳು ಬೇರೆ ಊರುಗಳಲ್ಲಿಯೂ ಇರುವುದರಿಂದ, ನಾನು ಹೇಳುವುದು ಒಂದು ಅಡುಗೆಮನೆಗಿಂತ ಹೆಚ್ಚಾಗಿ ಇಂಥ ಊಟದ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದವನಾದ್ದರಿಂದ ರುಚಿಗಿಂತ ಕೈಪಿಡಿಯ ಮೇಲೆಯೇ ನನ್ನ ಗಮನ ಹೆಚ್ಚು ಹೋಯಿತು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲು ಊಟದ ವಿಚಾರವನ್ನು ಮುಗಿಸುತ್ತೇನೆ. ಅಡುಗೆ ಶುಚಿಯಾಗಿದೆ, ಸಮಯಕ್ಕೆ ಸರಿಯಾಗಿ ಬರುತ್ತದೆ, ಡಬ್ಬಿಯಲ್ಲಿ ಹಿಂದಿನ ದಿನದ ವಾಸನೆ ಇರುವುದಿಲ್ಲ. ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಗಂಜಿ, ಬೇಯಿಸಿದ ಅಲಸಂಡೆ ಅಥವಾ ತೊಂಡೆಕಾಯಿ, ಕೆನೆ ತೆಗೆದ ಮಜ್ಜಿಗೆಯಲ್ಲಿ ಮಾಡಿದ ಒಂದೆಲಗದ ತಂಬುಳಿ, ಮುಳ್ಳುಸೌತೆಯ ಹೋಳುಗಳು. ಸಂಜೆ ಆರು ಗಂಟೆಗೆ ಪುನರ್ಪುಳಿ ಸಾರು ಮತ್ತು ಬಸಳೆಯ ತಿಳಿಯಾದ ಸೂಪು. ಒಗ್ಗರಣೆ ಎಂಬುದಿಲ್ಲ. ತೆಂಗಿನಕಾಯಿಯ ಒಂದು ಚೂರೂ ಇಲ್ಲ. ಕರಾವಳಿಯ ಅಡುಗೆಯಿಂದ ಇವೆರಡನ್ನೂ ತೆಗೆದ ಮೇಲೆ ರುಚಿಯಾಗಿ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಪುನರ್ಪುಳಿ ಸಾರಿನ ಮಟ್ಟಿಗಾದರೂ ಈ ಅಡುಗೆಯವರು ಅದನ್ನು ಸಾಧಿಸಿದ್ದಾರೆ. ತಂಬುಳಿ ಮಾತ್ರ ತೆಂಗಿಲ್ಲದೆ ಹಸಿರು ಮಜ್ಜಿಗೆಯಾಗಿಯೇ ಉಳಿಯಿತು.

ನನ್ನ ತಕರಾರು ಕೈಪಿಡಿಯ ಎರಡನೆಯ ಪುಟದಿಂದ ಪ್ರಾರಂಭವಾಗುತ್ತದೆ. ದಿನವೊಂದಕ್ಕೆ ಸುಮಾರು 700 ಕಿಲೊಕ್ಯಾಲೊರಿ, ಕೊಬ್ಬು 3 ಗ್ರಾಂಗಿಂತ ಕಡಿಮೆ, ವಾರಕ್ಕೆ 2 ಕಿಲೋ ಇಳಿಕೆ ಎಂದು ಅಲ್ಲಿ ಹೆಮ್ಮೆಯಿಂದ ಮುದ್ರಿಸಲಾಗಿದೆ. ಅದರ ಕೆಳಗೇ ಇನ್ನೊಂದು ಭರವಸೆ ಇದೆ: ಈ ಊಟದಲ್ಲಿ ಕೊಲೆಸ್ಟ್ರಾಲ್ ಸೊನ್ನೆಯಾಗಿರುವುದರಿಂದ ಪಿತ್ತಕೋಶದಲ್ಲಿ ಕಲ್ಲಾಗುವ ಪ್ರಶ್ನೆಯೇ ಇಲ್ಲ, ಈಗಾಗಲೇ ಇರುವ ಕಲ್ಲುಗಳೂ ಕರಗುತ್ತವೆ. ತೂಕದ ಮಾತು ನಿಜವಾಗಬಹುದು. ಕಲ್ಲಿನ ಮಾತು ಮಾತ್ರ ಬಹುಮಟ್ಟಿಗೆ ತಲೆಕೆಳಗಾಗಿದೆ. ಇಷ್ಟು ಕಡಿಮೆ ಕ್ಯಾಲೊರಿಯ, ಇಷ್ಟು ಕಡಿಮೆ ಕೊಬ್ಬಿನ ಊಟದಿಂದ ಇಷ್ಟು ವೇಗವಾಗಿ ತೂಕ ಇಳಿಸಿಕೊಳ್ಳುವುದು ಕೊಲೆಸ್ಟ್ರಾಲ್ ಕಲ್ಲುಗಳಿಗೆ ಚೆನ್ನಾಗಿ ಗೊತ್ತಿರುವ ಕಾರಣಗಳಲ್ಲಿ ಒಂದು. ಹಣ ಕೊಟ್ಟು ಕೊಳ್ಳುವವರಿಗೆ ಇದು ಏಕೆ ಹೀಗೆ ಎಂದು ತಿಳಿಯಬೇಕಾದರೆ, ಡಬ್ಬಿಯನ್ನು ಸ್ವಲ್ಪ ಬದಿಗಿಟ್ಟು ಯಕೃತ್ತು ಕೊಲೆಸ್ಟ್ರಾಲನ್ನು ಏನು ಮಾಡುತ್ತದೆ ಎಂಬುದನ್ನು ನೋಡಲೇಬೇಕು.

ಕೈಪಿಡಿ ಬರೆದವರು ಕೊಲೆಸ್ಟ್ರಾಲ್ ಎಂದರೆ ಹೊರಗಿನಿಂದ ತಟ್ಟೆಯ ಮೂಲಕ ಬರುವ ಕಶ್ಮಲ ಎಂದು ಭಾವಿಸಿದಂತಿದೆ. ವಯಸ್ಕರ ದೇಹದಲ್ಲಿ ದಿನವೊಂದಕ್ಕೆ ಒಂದು ಗ್ರಾಂನ ಆಸುಪಾಸಿನಷ್ಟು ಕೊಲೆಸ್ಟ್ರಾಲ್ ಒಳಗೇ ತಯಾರಾಗುತ್ತದೆ, ಮತ್ತು ಈ ಕೆಲಸದಲ್ಲಿ ಯಕೃತ್ತಿನ ಪಾಲು ದೊಡ್ಡದು. ಊಟದಿಂದ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅಂದ ಹಾಗೆ, ಸಸ್ಯಜನ್ಯ ಆಹಾರದಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದೇ ಹೇಳಬಹುದು. ತೆಂಗಿನಕಾಯಿಯಲ್ಲಿಯೂ ಇಲ್ಲ. ಹೀಗಾಗಿ ಗಂಜಿ, ಬಸಳೆಗಳ ಡಬ್ಬಿಯ ಮೇಲೆ ‘ಸೊನ್ನೆ ಕೊಲೆಸ್ಟ್ರಾಲ್’ ಎಂದು ಅಚ್ಚು ಹಾಕಿಸುವುದರಲ್ಲಿ ಸುಳ್ಳಿಲ್ಲ, ವಿಶೇಷವೂ ಇಲ್ಲ. ಯಕೃತ್ತಿಗೆ ಕೊಲೆಸ್ಟ್ರಾಲ್ ಬರುವ ದಾರಿಗಳು ಹಲವು: ತಾನೇ ತಯಾರಿಸಿಕೊಂಡದ್ದು, ಕರುಳಿನಿಂದ ಬಂದದ್ದು, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಂಚರಿಸುವ ಎಲ್‌ಡಿಎಲ್ ಮತ್ತು ಎಚ್‌ಡಿಎಲ್ ಕಣಗಳಿಂದ ಎಳೆದುಕೊಂಡದ್ದು. ಇವೆಲ್ಲ ಒಂದೇ ಖಾತೆಗೆ ಜಮೆಯಾಗುತ್ತವೆ. ಒಳಗೆ ತಯಾರಾಗುವ ಪ್ರಮಾಣವನ್ನು ನಿಯಂತ್ರಿಸುವ ಮುಖ್ಯ ಕಿಣ್ವ ಎಚ್‌ಎಂಜಿ ಕೋಎ ರಿಡಕ್ಟೇಸ್. ಸ್ಟ್ಯಾಟಿನ್ ಮಾತ್ರೆಗಳು ತಡೆಯುವುದು ಇದನ್ನೇ.

ಖರ್ಚಿನ ದಾರಿಗಳು ಮಾತ್ರ ಕೆಲವೇ. ಸಕ್ಕರೆ ಅಥವಾ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವಂತೆ ಕೊಲೆಸ್ಟ್ರಾಲ್‌ನ ಉಂಗುರಗಳ ರಚನೆಯನ್ನು ಒಡೆದು ಉರಿಸುವ ಸಾಮರ್ಥ್ಯ ಮನುಷ್ಯನ ದೇಹಕ್ಕಿಲ್ಲ. ಆದ್ದರಿಂದ ಬೇಡವಾದದ್ದನ್ನು ಹೊರಹಾಕಲು ಯಕೃತ್ತು ಮುಖ್ಯವಾಗಿ ಪಿತ್ತರಸವನ್ನೇ ಅವಲಂಬಿಸಬೇಕಾಗುತ್ತದೆ. ಅದರಲ್ಲಿ ಎರಡು ಬಗೆ. ಒಂದು, ಕೊಲೆಸ್ಟ್ರಾಲನ್ನು ಪಿತ್ತಾಮ್ಲಗಳಾಗಿ ಬದಲಾಯಿಸುವುದು. ಕೊಲೆಸ್ಟ್ರಾಲ್ 7-ಆಲ್ಫಾ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಈ ಬದಲಾವಣೆಯ ಮೊದಲ ಹೆಜ್ಜೆಯನ್ನು ನಡೆಸುತ್ತದೆ. ಇನ್ನೊಂದು, ಕೊಲೆಸ್ಟ್ರಾಲನ್ನು ಇದ್ದ ಹಾಗೆಯೇ ಪಿತ್ತರಸಕ್ಕೆ ದೂಡುವುದು. ಯಕೃತ್ತಿನ ಕೋಶಗಳ ಅಂಚಿನಲ್ಲಿರುವ ಎಬಿಸಿಜಿ5 ಮತ್ತು ಎಬಿಸಿಜಿ8 ಎಂಬ ಜೋಡಿ ಪ್ರೋಟೀನುಗಳು ಈ ಸಾಗಾಟವನ್ನು ಮಾಡುತ್ತವೆ. ಈ ಜೋಡಿಯಲ್ಲಿ ಎರಡನೆಯದರ ಜೀನ್‌ನಲ್ಲಿರುವ ಒಂದು ವ್ಯತ್ಯಾಸವು ಪಿತ್ತಕೋಶದ ಕಲ್ಲಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದು 2007ರಲ್ಲಿ ಪ್ರಕಟವಾಯಿತು. ಕೆಲವು ಮನೆತನಗಳಲ್ಲಿ ತಾಯಿಗೆ, ಮಗಳಿಗೆ, ಅಕ್ಕನಿಗೆ ಸಾಲಾಗಿ ಕಲ್ಲು ಕಾಣಿಸಿಕೊಳ್ಳುವುದಕ್ಕೆ ಇಂಥ ಆನುವಂಶಿಕ ಕಾರಣಗಳೂ ಇವೆ. ಎಲ್ಲವನ್ನೂ ಅಡುಗೆಮನೆಯ ಎಣ್ಣೆ ಡಬ್ಬದ ಮೇಲೆ ಹೊರಿಸುವುದು ನ್ಯಾಯವಲ್ಲ.

ಕಲ್ಲು ಆಗುವುದೋ ಇಲ್ಲವೋ ಎಂಬುದು ಪಿತ್ತರಸಕ್ಕೆ ಬಂದ ಕೊಲೆಸ್ಟ್ರಾಲ್‌ನ ಮೊತ್ತವೊಂದರ ಮೇಲೆ ನಿಂತಿಲ್ಲ. ಅದರ ಜೊತೆಗಿರುವವರ ಅನುಪಾತದ ಮೇಲೆ ನಿಂತಿದೆ. ಪಿತ್ತರಸದ ಬಹುಭಾಗ ನೀರು. ನೀರಿನಲ್ಲಿ ಕೊಲೆಸ್ಟ್ರಾಲ್ ಕರಗುವುದಿಲ್ಲ. ಅದನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುವುದು ಪಿತ್ತಲವಣಗಳು (ಮೇಲೆ ಹೇಳಿದ ಪಿತ್ತಾಮ್ಲಗಳ ಲವಣರೂಪ) ಮತ್ತು ಲೆಸಿಥಿನ್ ಎಂಬ ಫಾಸ್ಫೋಲಿಪಿಡ್ ಸೇರಿ ಕಟ್ಟುವ ಅತಿಸೂಕ್ಷ್ಮ ಗುಂಪುಗಳು. ಅಡ್ಮಿರಾಂಡ್ ಮತ್ತು ಸ್ಮಾಲ್ ಎಂಬ ವಿಜ್ಞಾನಿಗಳು 1968ರಲ್ಲಿ ಈ ಮೂರು ಪದಾರ್ಥಗಳ ಪಾಲನ್ನು ಒಂದು ತ್ರಿಕೋನದ ಮೇಲೆ ಗುರುತಿಸಿ, ಯಾವ ಗೆರೆಯೊಳಗಿದ್ದರೆ ಕೊಲೆಸ್ಟ್ರಾಲ್ ಕರಗಿರುತ್ತದೆ, ಯಾವ ಗೆರೆ ದಾಟಿದರೆ ಹರಳುಗಟ್ಟಲು ಹವಣಿಸುತ್ತದೆ ಎಂದು ತೋರಿಸಿದರು. ನಾನು ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದ ಚಿತ್ರಗಳಲ್ಲಿ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತಿದ್ದ ಚಿತ್ರ ಇದು. ಕೊಲೆಸ್ಟ್ರಾಲ್ ಹೆಚ್ಚಾದರೂ ಗೆರೆ ದಾಟುತ್ತದೆ, ಪಿತ್ತಲವಣ ಅಥವಾ ಲೆಸಿಥಿನ್ ಕಡಿಮೆಯಾದರೂ ದಾಟುತ್ತದೆ.

ಗೆರೆ ದಾಟಿದ ಪಿತ್ತರಸವೆಲ್ಲ ಕಲ್ಲಾಗುವುದಿಲ್ಲ ಎಂಬುದೂ ನಿಜ. ಆರೋಗ್ಯವಂತರಲ್ಲಿಯೂ, ವಿಶೇಷವಾಗಿ ರಾತ್ರಿಯ ಉಪವಾಸದ ಕೊನೆಯಲ್ಲಿ, ಪಿತ್ತರಸ ಅತಿಸಾಂದ್ರವಾಗಿರುವುದುಂಟು. ಅಲ್ಲಿಂದ ಮುಂದಿನದು ಪಿತ್ತಕೋಶದ ಪಾತ್ರ. 30ರಿಂದ 50 ಮಿಲಿಲೀಟರ್ ಹಿಡಿಸುವ ಈ ಸಣ್ಣ ಚೀಲವು ಯಕೃತ್ತಿನಿಂದ ಬಂದ ಪಿತ್ತರಸದ ನೀರನ್ನು ಹೀರಿ ಅದನ್ನು ಹಲವು ಪಟ್ಟು ಗಟ್ಟಿ ಮಾಡುತ್ತದೆ. ಅದರ ಒಳಪೊರೆ ಸ್ರವಿಸುವ ಲೋಳೆಯಲ್ಲಿ ಹರಳುಗಳಿಗೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಚೀಲ ಆಗಾಗ ಸಂಕುಚಿಸಿ ಖಾಲಿಯಾಗುತ್ತಿದ್ದರೆ ಹುಟ್ಟಿದ ಹರಳುಗಳು ಕರುಳಿಗೆ ಹರಿದು ಹೋಗುತ್ತವೆ. ಖಾಲಿಯಾಗದೆ ನಿಂತರೆ ಹರಳುಗಳು ಲೋಳೆಯೊಂದಿಗೆ ಸೇರಿ ಮೊದಲು ಕೆಸರಾಗುತ್ತವೆ, ಮುಂದೆ ಕಲ್ಲಾಗುತ್ತವೆ. ಯಕೃತ್ತು ಕಳುಹಿಸುವ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಮಿತಿ ಮೀರಿರಬೇಕು, ಪಿತ್ತಕೋಶವು ಅದನ್ನು ಹೊರಹಾಕದೆ ಇಟ್ಟುಕೊಳ್ಳಬೇಕು: ಕೊಲೆಸ್ಟ್ರಾಲ್ ಕಲ್ಲಿಗೆ ಮುಖ್ಯವಾಗಿ ಇವೆರಡು ಕೂಡಿ ಬರಬೇಕು. ನಾವು ಹಣ ಕಟ್ಟಿದ ಪ್ಯಾಕೇಜು ಈ ಎರಡನ್ನೂ ಒಟ್ಟಿಗೆ ಒದಗಿಸುತ್ತದೆ ಎಂಬುದೇ ನನ್ನ ಆಕ್ಷೇಪದ ಸಾರ.

ಮೊದಲನೆಯದನ್ನು ನೋಡೋಣ. ದಿನಕ್ಕೆ 700 ಕಿಲೊಕ್ಯಾಲೊರಿಯಲ್ಲಿ ಬದುಕಬೇಕಾದ ದೇಹ ಕೂಡಿಟ್ಟ ಕೊಬ್ಬನ್ನು ಉರಿಸುತ್ತದೆ. ಕೊಬ್ಬಿನ ಅಂಗಾಂಶದಲ್ಲಿ ಕೊಲೆಸ್ಟ್ರಾಲ್ ಕೂಡ ಸಂಗ್ರಹವಾಗಿರುತ್ತದೆ. ಕೊಬ್ಬು ಕರಗಿದಂತೆ ಅದೂ ರಕ್ತಕ್ಕೆ ಬಂದು ಯಕೃತ್ತನ್ನು ಸೇರುತ್ತದೆ. ಕೊಬ್ಬನ್ನು ಉರಿಸಬಹುದು, ಕೊಲೆಸ್ಟ್ರಾಲನ್ನು ಉರಿಸಲಾಗದು ಎಂದು ಮೇಲೆ ಹೇಳಿದೆ. ಹೀಗಾಗಿ ಅದು ಪಿತ್ತರಸದ ದಾರಿ ಹಿಡಿಯುತ್ತದೆ. ತಟ್ಟೆಯಲ್ಲಿ ಕೊಲೆಸ್ಟ್ರಾಲ್ ಸೊನ್ನೆಯಾಗಿರುವ ದಿನಗಳಲ್ಲಿಯೇ ಪಿತ್ತರಸದಲ್ಲಿ ಅದು ಏರುವುದು ಹೀಗೆ. ಸ್ಥೂಲಕಾಯದವರಲ್ಲಿ ಯಕೃತ್ತು ಮೊದಲೇ ಹೆಚ್ಚು ಕೊಲೆಸ್ಟ್ರಾಲ್ ತಯಾರಿಸಿ ಪಿತ್ತರಸಕ್ಕೆ ಹಾಕುತ್ತಿರುತ್ತದೆ. ಅಂದರೆ ಇಂಥ ಪ್ಯಾಕೇಜಿಗೆ ಸೇರುವವರಲ್ಲಿ ಬಹಳಷ್ಟು ಮಂದಿ ಆ ಗೆರೆಯ ಹತ್ತಿರವೇ ನಿಂತಿರುವವರು. ಜೊತೆಗೆ ಅವರಲ್ಲಿ ಮಹಿಳೆಯರೇ ಹೆಚ್ಚು. ಈಸ್ಟ್ರೋಜನ್ ಹಾರ್ಮೋನು ಯಕೃತ್ತಿನಿಂದ ಪಿತ್ತರಸಕ್ಕೆ ಹೋಗುವ ಕೊಲೆಸ್ಟ್ರಾಲನ್ನು ಹೆಚ್ಚಿಸುತ್ತದೆ, ಪ್ರೊಜೆಸ್ಟರಾನ್ ಪಿತ್ತಕೋಶದ ಚಲನೆಯನ್ನು ಮಂದಗೊಳಿಸುತ್ತದೆ. ಬಸಿರಿನಲ್ಲಿ, ಬಾಣಂತನದ ಆಸುಪಾಸಿನಲ್ಲಿ ಕಲ್ಲುಗಳು ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಕೈಪಿಡಿಯ ಹಿಂಬದಿಯಲ್ಲಿ ‘ಬಾಣಂತನದ ನಂತರದ ವಿಶೇಷ ಯೋಜನೆ’ ಎಂಬ ಜಾಹೀರಾತನ್ನು ಓದಿದಾಗ ನನಗೆ ಕಸಿವಿಸಿಯಾಯಿತು.

ಎರಡನೆಯದು ಎಣ್ಣೆಯ ವಿಷಯ. ಪಿತ್ತಕೋಶ ತನ್ನಷ್ಟಕ್ಕೆ ತಾನೇ ಪೂರ್ತಿಯಾಗಿ ಖಾಲಿಯಾಗುವುದಿಲ್ಲ. ಊಟದಲ್ಲಿರುವ ಕೊಬ್ಬು ಮತ್ತು ಪ್ರೋಟೀನು ಸಣ್ಣ ಕರುಳಿನ ಮೊದಲ ಭಾಗವನ್ನು ತಲುಪಿದಾಗ ಅಲ್ಲಿಂದ ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ; ಐವಿ ಮತ್ತು ಓಲ್ಡ್‌ಬರ್ಗ್ 1928ರಲ್ಲಿ ಗುರುತಿಸಿದ ಈ ಹಾರ್ಮೋನಿನ ಕರೆಗೆ ಪಿತ್ತಕೋಶ ಸಂಕುಚಿಸುತ್ತದೆ. ಗಂಜಿ, ಬೇಯಿಸಿದ ತರಕಾರಿ, ಪುನರ್ಪುಳಿ ಸಾರುಗಳಲ್ಲಿ ಆ ಕರೆಯನ್ನು ಬಲವಾಗಿ ಹೊರಡಿಸುವಂಥದ್ದು ಏನೂ ಇಲ್ಲ. ಪಿತ್ತರಸ ಅಲ್ಲೇ ನಿಲ್ಲುತ್ತದೆ. ಇದರಿಂದ ಯಕೃತ್ತಿಗೂ ಒಂದು ತೊಂದರೆಯಿದೆ. ದೇಹದಲ್ಲಿರುವ ಪಿತ್ತಾಮ್ಲಗಳ ಒಟ್ಟು ಸಂಗ್ರಹ ಕೆಲವೇ ಗ್ರಾಂಗಳು. ಅವು ಕರುಳಿಗೆ ಹೋಗಿ, ಸಣ್ಣ ಕರುಳಿನ ಕೊನೆಯಲ್ಲಿ ಸುಮಾರು 95 ಪ್ರತಿಶತದಷ್ಟು ಮರಳಿ ಹೀರಲ್ಪಟ್ಟು, ಯಕೃತ್ತಿಗೆ ಬಂದು ಮತ್ತೆ ಪಿತ್ತರಸಕ್ಕೆ ಸೇರುತ್ತವೆ. ದಿನಕ್ಕೆ ಹಲವು ಬಾರಿ ನಡೆಯುವ ಈ ಸುತ್ತಾಟ ಪಿತ್ತಕೋಶ ಖಾಲಿಯಾದರೆ ಮಾತ್ರ ಚುರುಕಾಗಿ ಸಾಗುತ್ತದೆ. ಚೀಲದಲ್ಲೇ ಅವು ಕುಳಿತುಬಿಟ್ಟರೆ ಯಕೃತ್ತಿನಿಂದ ಹೊಸದಾಗಿ ಹೊರಡುವ ಪಿತ್ತರಸದಲ್ಲಿ ಪಿತ್ತಾಮ್ಲ ಕಡಿಮೆಯಾಗುತ್ತದೆ, ಕೊಲೆಸ್ಟ್ರಾಲ್ ಮಾತ್ರ ಅಷ್ಟರಮಟ್ಟಿಗೆ ಕಡಿಮೆಯಾಗುವುದಿಲ್ಲ. ಅನುಪಾತ ಇನ್ನಷ್ಟು ಕೆಡುತ್ತದೆ.

ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು. ಹೊಟ್ಟೆಯೊಳಗೆ ಈ ಹಾರ್ಮೋನನ್ನು ಚೆನ್ನಾಗಿ ಬಿಡುಗಡೆ ಮಾಡಿಸುವುದು 12 ಅಥವಾ ಅದಕ್ಕಿಂತ ಹೆಚ್ಚು ಇಂಗಾಲದ ಸರಪಳಿಯುಳ್ಳ ಮೇದಾಮ್ಲಗಳು, ಅಂದರೆ ಕೊಬ್ಬಿನ ಘಟಕಗಳು, ಎಂದು ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿವೆ. ತೆಂಗಿನೆಣ್ಣೆಯಲ್ಲಿ ಪ್ರಧಾನವಾಗಿರುವ ಲಾರಿಕ್ ಆಮ್ಲಕ್ಕೆ ಸರಿಯಾಗಿ 12 ಇಂಗಾಲಗಳಿವೆ. ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ ಎಂಬ ಹೃದಯದ ವೈದ್ಯರ ಎಚ್ಚರಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ; ಬೇರೆ ಎಣ್ಣೆಯನ್ನೇ ಬಳಸಲಿ. ಆದರೆ ಪಲ್ಯದ ಒಗ್ಗರಣೆಗೆ ಹಾಕುವ ಎರಡು ಚಮಚ ಎಣ್ಣೆ, ಅಂದರೆ ಸುಮಾರು 10 ಗ್ರಾಂ ಕೊಬ್ಬು, ಒಂದು ಹೊತ್ತಿನ ಊಟದಲ್ಲಿ ಇದ್ದರೆ ಪಿತ್ತಕೋಶಕ್ಕೆ ದಿನಕ್ಕೊಮ್ಮೆಯಾದರೂ ಚೆನ್ನಾಗಿ ಖಾಲಿಯಾಗುವ ಅವಕಾಶ ಸಿಗುತ್ತದೆ. ಈ ಅಡುಗೆಮನೆ ಅದನ್ನು ವೈರಿಯಂತೆ ಹೊರಗಿಟ್ಟಿದೆ.

ಇದು ಕೇವಲ ಪುಸ್ತಕದ ತರ್ಕವಲ್ಲ. ದಿನಕ್ಕೆ 500 ಕಿಲೊಕ್ಯಾಲೊರಿಯ ಆಸುಪಾಸಿನ, ಕೊಬ್ಬು ತೀರಾ ಕಡಿಮೆಯಿರುವ ಆಹಾರದ ಮೇಲೆ 8 ವಾರ ಇದ್ದ 51 ಮಂದಿಯನ್ನು ಅಲ್ಟ್ರಾಸೌಂಡ್ ಮೂಲಕ ಪರೀಕ್ಷಿಸಿದ ಒಂದು ಅಮೆರಿಕನ್ ಅಧ್ಯಯನ 1989ರಲ್ಲಿ ಪ್ರಕಟವಾಗಿದೆ; ಅವರಲ್ಲಿ 13 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಹೊಸದಾಗಿ ಕಲ್ಲುಗಳಾಗಿದ್ದವು. ಹೊಟ್ಟೆಯ ಬೈಪಾಸ್ ಶಸ್ತ್ರಕ್ರಿಯೆಯ ನಂತರ ತೂಕ ಸರಸರನೆ ಇಳಿಯುವವರ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧವಿಲ್ಲದ ಗುಂಪಿನ 32 ಪ್ರತಿಶತ ಮಂದಿಗೆ 6 ತಿಂಗಳಲ್ಲಿ ಕಲ್ಲಾದರೆ, ದಿನಕ್ಕೆ 600 ಮಿಲಿಗ್ರಾಂ ಉರ್ಸೊಡಿಆಕ್ಸಿಕೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ಆ ಪ್ರಮಾಣ 2 ಪ್ರತಿಶತ. ಈ ಔಷಧವು ಯಕೃತ್ತು ಪಿತ್ತರಸಕ್ಕೆ ಬಿಡುವ ಕೊಲೆಸ್ಟ್ರಾಲನ್ನು ತಗ್ಗಿಸುತ್ತದೆ. ಪಿತ್ತರಸದ ಸಂಯೋಜನೆಯನ್ನು ಸರಿಪಡಿಸಿದ ಕೂಡಲೇ ಕಲ್ಲುಗಳು ಇಷ್ಟು ಕಡಿಮೆಯಾದದ್ದು, ತೊಂದರೆಯ ಮೂಲ ಎಲ್ಲಿದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸುವವರಲ್ಲಿ ಅಪಾಯ ಏರುತ್ತದೆ ಎಂದು ವೈದ್ಯಕೀಯ ಬರಹಗಳು ಎಚ್ಚರಿಸುತ್ತವೆ. ನಮ್ಮ ಕೈಪಿಡಿ 2 ಕಿಲೋ ಎಂದು ಖಾತರಿ ಕೊಡುತ್ತದೆ.

ಸೇವೆಯ ಸಲಹೆಗಾರರೊಂದಿಗೆ ನಡೆದ ಮಾತುಕತೆಯ ಬಗ್ಗೆಯೂ ಹೇಳಬೇಕು; ಸಲಹೆಗೂ ಸೇರಿಸಿಯೇ ಹಣ ತೆಗೆದುಕೊಂಡಿದ್ದಾರೆ. ವಿನಯದಿಂದ ಮಾತನಾಡುತ್ತಾರೆ, ಕರೆ ಮಾಡಿದರೆ ಎತ್ತುತ್ತಾರೆ. ಅತ್ತಿಗೆ ಕಲ್ಲಿನ ವಿಷಯ ಕೇಳಿದಾಗ ಅವರು, “ಮೇಡಂ, ಎಣ್ಣೆಯೇ ಒಳಗೆ ಹೋಗ್ಲಿಲ್ಲ ಅಂದ್ರೆ ಕಲ್ಲು ಎಲ್ಲಿಂದ ಬರ್ತದೆ?” ಎಂದರು. “ಹಾಗಾದ್ರೆ ಅಷ್ಟು ದಿನ ಲಿವರ್ ಸುಮ್ಮನೆ ಕೂತ್ಕೊಳ್ತದಾ?” ಎಂದು ಅತ್ತಿಗೆ ಮರುಪ್ರಶ್ನೆ ಹಾಕಿದರು. ಉತ್ತರವಾಗಿ ಬಂದದ್ದು ರಕ್ತಪರೀಕ್ಷೆಯ ವರದಿ. ಪ್ಯಾಕೇಜಿನ ಪ್ರಾರಂಭದಲ್ಲಿ ಮತ್ತು ಕೊನೆಯಲ್ಲಿ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ಸಂಖ್ಯೆ ಇಳಿದದ್ದನ್ನು ತೋರಿಸಿ, ಕಲ್ಲಿನ ಭಯವೂ ಹೋಯಿತು ಎನ್ನುವುದು ಅವರ ವಾಡಿಕೆ.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ರಕ್ತದ ಒಟ್ಟು ಕೊಲೆಸ್ಟ್ರಾಲ್ ಮತ್ತು ಪಿತ್ತರಸದ ಕೊಲೆಸ್ಟ್ರಾಲ್ ಒಂದಕ್ಕೊಂದು ಕನ್ನಡಿಯಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವವರಿಗೆಲ್ಲ ಕಲ್ಲಾಗುವುದಿಲ್ಲ, ಕಲ್ಲಾದವರೆಲ್ಲರ ರಕ್ತದಲ್ಲಿ ಅದು ಹೆಚ್ಚಿರುವುದೂ ಇಲ್ಲ; ಕಲ್ಲಿನೊಂದಿಗೆ ಹೆಚ್ಚು ಸಂಬಂಧ ಕಂಡುಬರುವುದು ಏರಿದ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಮತ್ತು ಇಳಿದ ಎಚ್‌ಡಿಎಲ್‌ಗೆ. ರಕ್ತದ ಖಾತೆಯಿಂದ ತೆಗೆದದ್ದನ್ನು ಪಿತ್ತರಸದ ಖಾತೆಗೆ ಹಾಕುವ ಸಾಧ್ಯತೆಯೂ ಇದೆ. ಫೈಬ್ರೇಟ್ ಗುಂಪಿನ ಹಳೆಯ ಔಷಧ ಕ್ಲೋಫೈಬ್ರೇಟ್ ರಕ್ತದ ಕೊಬ್ಬನ್ನು ಇಳಿಸುತ್ತಲೇ ಪಿತ್ತಕೋಶದ ಕಲ್ಲುಗಳನ್ನು ಹೆಚ್ಚಿಸಿತು. ಪಿತ್ತಾಮ್ಲ ತಯಾರಿಕೆಯನ್ನು ತಗ್ಗಿಸಿ, ಪಿತ್ತರಸಕ್ಕೆ ಹೋಗುವ ಕೊಲೆಸ್ಟ್ರಾಲನ್ನು ಅದು ಏರಿಸುತ್ತಿತ್ತು. ಆದ್ದರಿಂದ ಕಲ್ಲಿನ ಸುದ್ದಿ ಬೇಕಾದರೆ ಮಾಡಿಸಬೇಕಾದದ್ದು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್. ಪ್ಯಾಕೇಜಿನಲ್ಲಿ ಅದಕ್ಕೆ ಜಾಗವಿಲ್ಲ.

ಸಮಯಪಟ್ಟಿಯೂ ಚರ್ಚೆಗೆ ಯೋಗ್ಯವಾಗಿದೆ. ಸಂಜೆ ಆರಕ್ಕೆ ಸೂಪು ಕುಡಿದರೆ ಮರುದಿನ ಮಧ್ಯಾಹ್ನದ ಗಂಜಿಯವರೆಗೆ ಬಿಸಿನೀರು ಮಾತ್ರ. ರಾತ್ರಿಯ ಉಪವಾಸ ಉದ್ದವಾದಷ್ಟೂ ಪಿತ್ತಕೋಶ ತುಂಬಿಯೇ ಇರುತ್ತದೆ. ಕಲ್ಲಿರುವ ಮಹಿಳೆಯರಲ್ಲಿ ಈ ಅವಧಿ ಉದ್ದವಾಗಿರುವುದು ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಅವರು ನಿಷೇಧಿಸಿದ ಇನ್ನೊಂದು ವಸ್ತು ಕಾಫಿ. ದಿನವೂ ಎರಡು ಮೂರು ಲೋಟ ಕಾಫಿ ಕುಡಿಯುವ ಪುರುಷರಲ್ಲಿ ನೋವು ಕೊಡುವ ಪಿತ್ತಕೋಶದ ಕಲ್ಲು ಕಡಿಮೆ ಎಂದು 1999ರಲ್ಲಿ ಪ್ರಕಟವಾದ ಅಮೆರಿಕನ್ ಅಧ್ಯಯನವೊಂದು ಕಂಡುಕೊಂಡಿದೆ. ಇದು ಸಂಬಂಧವೇ ಹೊರತು ಕಾರಣದ ರುಜುವಾತಲ್ಲ. ಕಲ್ಲು ತಡೆಯಲೆಂದು ಕಾಫಿ ಕುಡಿಯಿರಿ ಎಂದು ನಾನು ಹೇಳಲಾರೆ. ಆದರೆ ಬೆಳಗಿನ ಫಿಲ್ಟರ್ ಕಾಫಿಯನ್ನು ಪಿತ್ತಕೋಶದ ಹೆಸರಿನಲ್ಲಿ ಕಸಿದುಕೊಳ್ಳುವುದಕ್ಕೆ ಆಧಾರವಿಲ್ಲ ಎಂದಂತೂ ಹೇಳಬಹುದು.

ತಿಂಗಳ ಕೊನೆಗೆ ಹೆಚ್ಚುವರಿ ಹಣಕ್ಕೆ ‘ಯಕೃತ್ ಶುದ್ಧಿ’ ಎಂಬ ಇನ್ನೊಂದು ಸೇವೆಯಿದೆ. ಎಪ್ಸಮ್ ಲವಣ, ಆಲಿವ್ ಎಣ್ಣೆ, ನಿಂಬೆರಸ ಇರುವ ಪೆಟ್ಟಿಗೆಯನ್ನು ಕೊಡುತ್ತಾರೆ. ರಾತ್ರಿ ಕುಡಿದರೆ ಬೆಳಿಗ್ಗೆ ಹಸಿರು ಕಲ್ಲುಗಳು ಬೀಳುತ್ತವೆ ಎನ್ನುತ್ತಾರೆ, ಫೋಟೋಗಳನ್ನೂ ತೋರಿಸುತ್ತಾರೆ. ತಿಂಗಳಿಡೀ ಒಂದು ಹನಿ ಎಣ್ಣೆ ಮುಟ್ಟಿಸದವರು ಕೊನೆಯ ರಾತ್ರಿ ಲೋಟದಲ್ಲಿ ಎಣ್ಣೆ ಕುಡಿಸುವುದರ ವಿಚಿತ್ರವನ್ನು ಹಾಗಿರಲಿ ಎಂದು ಬಿಡೋಣ. ಹಸಿರು ಗೋಲಿಗಳು ಬೀಳುವುದು ನಿಜವೇ. ನ್ಯೂಜಿಲೆಂಡಿನ ಇಬ್ಬರು ಅವುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಅವುಗಳಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ, ಬಿಲಿರುಬಿನ್ ಎಂಬ ಪಿತ್ತದ ವರ್ಣಕ ಇರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ, ಕುಡಿದ ಎಣ್ಣೆಯ ಮೇದಾಮ್ಲಗಳು ನಿಂಬೆರಸದ ಪೊಟ್ಯಾಸಿಯಂ ಜೊತೆ ಸೇರಿ ಹೊಟ್ಟೆಯಲ್ಲೇ ಆದ ಸಾಬೂನು ಅವು, 40 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕರಗಿ ಎಣ್ಣೆಯಾದವು. ಆ ರೋಗಿಯ ನಿಜವಾದ ಕಲ್ಲುಗಳನ್ನು ಕೊನೆಗೆ ಶಸ್ತ್ರಕ್ರಿಯೆಯಿಂದಲೇ ತೆಗೆಯಬೇಕಾಯಿತು. ಪಿತ್ತಕೋಶದಲ್ಲಿ ನಿಜವಾಗಿ ಸಣ್ಣ ಕಲ್ಲುಗಳಿರುವವರು ಇಷ್ಟು ಎಣ್ಣೆಯನ್ನು ಒಮ್ಮೆಗೇ ಕುಡಿದರೆ, ಜೋರಾದ ಸಂಕುಚನದಿಂದ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ನಾಳದಲ್ಲಿ ಸಿಕ್ಕ ಕಲ್ಲಿನಿಂದ ಕಾಮಾಲೆಯಾಗಬಹುದು, ಮೇದೋಜೀರಕ ಗ್ರಂಥಿಯ ಉರಿಯೂತವಾಗಬಹುದು. ಪೆಟ್ಟಿಗೆ ನಮಗೆ ಬೇಡ ಎಂದು ಅತ್ತಿಗೆ ವಾಪಸು ಕಳುಹಿಸಿದರು.

ಪ್ಯಾಕೇಜಿಗೆ ಮೊದಲು ಬೇರೆ ಕಾರಣಕ್ಕೆ ಮಾಡಿಸಿದ ಅವರ ಸ್ಕ್ಯಾನ್‌ನಲ್ಲಿ ಪಿತ್ತಕೋಶ ಸ್ವಚ್ಛವಾಗಿತ್ತು. ತಿಂಗಳು ಮುಗಿದ ಮೇಲೆ ಬಲಪಕ್ಕೆಲುಬಿನ ಕೆಳಗೆ ಭಾರವೆನಿಸಿ ಮತ್ತೆ ಮಾಡಿಸಿದಾಗ ಪಿತ್ತಕೋಶದಲ್ಲಿ ಕೆಸರಿದೆ ಎಂದು ವರದಿ ಬಂತು. ಒಬ್ಬರ ಎರಡು ಸ್ಕ್ಯಾನ್‌ಗಳಿಂದ ಕಾರ್ಯಕಾರಣ ಸಿದ್ಧವಾಗುವುದಿಲ್ಲ. ಈ ವಿಮರ್ಶೆ ಅದರ ಮೇಲೆ ನಿಂತೂ ಇಲ್ಲ. ವೈದ್ಯರು ಹೆದರಿಸಲಿಲ್ಲ. ಸರಿಯಾಗಿ ಊಟ ಪ್ರಾರಂಭಿಸಿದ ಮೇಲೆ ಇಂಥ ಕೆಸರು ಎಷ್ಟೋ ಬಾರಿ ತಾನೇ ಹೋಗುತ್ತದೆ ಎಂದು ಹೇಳಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ನೋವಿಲ್ಲದೆ ಸುಮ್ಮನಿರುವ ಕಲ್ಲುಗಳು ಬಹುಪಾಲು ಜನರಲ್ಲಿ ಹಾಗೆಯೇ ಉಳಿಯುತ್ತವೆ. ನೋವು ಕೊಡುವ ಕಲ್ಲುಗಳಿಗೆ ಪಿತ್ತಕೋಶವನ್ನೇ ತೆಗೆಯುವುದು ಇಂದಿನ ಕ್ರಮ. ತೆಗೆದ ಮೇಲೂ ಯಕೃತ್ತು ಪಿತ್ತರಸ ತಯಾರಿಸುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಹರಿಯುತ್ತದೆ. ಮೇಲೆ ಹೇಳಿದ ಉರ್ಸೊಡಿಆಕ್ಸಿಕೋಲಿಕ್ ಆಮ್ಲ ಸಣ್ಣ, ಸುಣ್ಣಗಟ್ಟದ ಕೊಲೆಸ್ಟ್ರಾಲ್ ಕಲ್ಲುಗಳನ್ನು ಕರಗಿಸಬಲ್ಲದು, ಆದರೆ ತಿಂಗಳುಗಟ್ಟಲೆ ಬೇಕು, ನಿಲ್ಲಿಸಿದ ಮೇಲೆ ಮರಳಿ ಬರುವುದೂ ಉಂಟು. ಅದು ವೈದ್ಯರು ಬರೆದುಕೊಡಬೇಕಾದ ಔಷಧ.

ಇನ್ನೊಂದು ವಿಷಯವನ್ನೂ ಕೈಪಿಡಿ ಗಮನಿಸಿಲ್ಲ. ಎಲ್ಲ ಕಲ್ಲುಗಳೂ ಕೊಲೆಸ್ಟ್ರಾಲಿನವಲ್ಲ. ಕ್ಯಾಲ್ಸಿಯಂ ಬಿಲಿರುಬಿನೇಟ್‌ನಿಂದಾಗುವ ಕಪ್ಪು ಮತ್ತು ಕಂದು ಕಲ್ಲುಗಳಿವೆ. ಕೆಂಪು ರಕ್ತಕಣಗಳು ಬೇಗ ಒಡೆಯುವ ಕಾಯಿಲೆ, ಯಕೃತ್ತಿನ ಸಿರೋಸಿಸ್, ಪಿತ್ತನಾಳದ ಸೋಂಕುಗಳು ಅವುಗಳ ಹಿಂದಿರುತ್ತವೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಇಂಥ ವರ್ಣಕದ ಕಲ್ಲುಗಳ ಮತ್ತು ಮಿಶ್ರ ಕಲ್ಲುಗಳ ಪಾಲು ಹೆಚ್ಚು ಎಂದು ಹಿಂದಿನಿಂದಲೂ ವರದಿಯಾಗಿದೆ. ಅವುಗಳಿಗೆ ಊಟದ ಕೊಲೆಸ್ಟ್ರಾಲಿನ ಮಾತೇ ಅನ್ವಯಿಸುವುದಿಲ್ಲ.

ಶುಚಿ, ಸಮಯಪಾಲನೆ, ಸೌಜನ್ಯಗಳಿಗೆ ಈ ಸೇವೆಗೆ ಒಳ್ಳೆಯ ಅಂಕ ಕೊಡುತ್ತೇನೆ. ವೇಗದ ಪ್ಯಾಕೇಜನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಯಾರಿಗೂ ಶಿಫಾರಸು ಮಾಡಲಾರೆ. ಮೊದಲೇ ಕಲ್ಲಿರುವವರು, ಇತ್ತೀಚೆಗೆ ಹೆತ್ತವರು, ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳುವವರು, ಮನೆಯಲ್ಲಿ ಹಲವರಿಗೆ ಕಲ್ಲಾಗಿರುವವರು ದೂರವಿರುವುದೇ ಲೇಸು. ತೂಕ ಇಳಿಸುವುದು ತಪ್ಪಲ್ಲ. ಹೆಚ್ಚುವರಿ ಕೊಬ್ಬು ಇರುವವರೆಗೆ ಯಕೃತ್ತು ಹೆಚ್ಚು ಕೊಲೆಸ್ಟ್ರಾಲನ್ನು ಪಿತ್ತರಸಕ್ಕೆ ಹಾಕುತ್ತಲೇ ಇರುತ್ತದೆಯಾದ್ದರಿಂದ, ನಿಧಾನವಾಗಿ ಇಳಿಸಿಕೊಂಡವರಿಗೆ ಪಿತ್ತಕೋಶದ ದೃಷ್ಟಿಯಿಂದಲೂ ಲಾಭವಿದೆ. ಅಚ್ಚರಿಯೆಂದರೆ ಅಂಥ ಊಟವೂ ಇದೇ ಅಡುಗೆಮನೆಯಲ್ಲಿ ಸಿಗುತ್ತದೆ: ಬೆಳಿಗ್ಗೆ ಒಂದು ನೀರುದೋಸೆ ಮತ್ತು ಚಟ್ನಿ, ಮಧ್ಯಾಹ್ನ ಗಂಜಿಯ ಜೊತೆ ಒಗ್ಗರಣೆ ಹಾಕಿದ ಪಲ್ಯ ಮತ್ತು ಹೆಸರುಕಾಳಿನ ಗಸಿ, ರಾತ್ರಿ ಎಂಟಕ್ಕೆ ಚಪಾತಿ, ದಿನಕ್ಕೆ 1,300 ಕಿಲೊಕ್ಯಾಲೊರಿಯ ಆಸುಪಾಸು, ತಿಂಗಳಿಗೆ 2 ಕಿಲೋ ಇಳಿಕೆಯ ಗುರಿ. ದರವೂ ಸ್ವಲ್ಪ ಕಡಿಮೆ. ಜಾಹೀರಾತಿನಲ್ಲಿ ಅದನ್ನು ಹಾಕಿಲ್ಲ. ಫೋನು ಮಾಡಿ ಕೇಳಿದವರಿಗೆ ಮಾತ್ರ ಕೊಡುತ್ತಾರೆ.